ಕೆಂಪುಕಲ್ಲಿನ ಅಡಿಯಲ್ಲಿರುವ ಶೇಡಿಮಣ್ಣನ್ನೂ ನೋಡಿ ಗುಡ್ಡಕ್ಕೆ ಕೈಹಾಕಲಿ

ಮಾನ್ಯ ಸಂಪಾದಕರೆ,

ಕರಾವಳಿಯ ಕೆಂಪುಕಲ್ಲಿನ ಅಭಾವ, ಅದರ ದರ, ಪರವಾನಗಿ ಮತ್ತು ರಾಜಧನದ ಕುರಿತು ಪತ್ರಿಕೆಗಳಲ್ಲಿ ಆಗಾಗ ವರದಿಗಳು ಬರುತ್ತಿವೆ. ಮಳೆಗಾಲದಲ್ಲಿ ಅದೇ ಪುಟಗಳಲ್ಲಿ ಗುಡ್ಡ ಜರಿದ ಸುದ್ದಿ ಇರುತ್ತದೆ, ಮಾರ್ಚ್ ಬಂದರೆ ಬಾವಿಗಳು ಬತ್ತಿದ ಸುದ್ದಿ. ಇವು ಮೂರು ಬೇರೆ ಬೇರೆ ಇಲಾಖೆಗಳ ತೊಂದರೆಗಳೆಂಬಂತೆ ಚರ್ಚೆಯಾಗುತ್ತಿರುವುದನ್ನು ನೋಡಿ ಈ ಪತ್ರ ಬರೆಯಬೇಕೆನಿಸಿತು. ಕರಾವಳಿಯ ಕಾಲೇಜೊಂದರಲ್ಲಿ ಬಹುಕಾಲ ಭೂವಿಜ್ಞಾನದ ಪಾಠ ಹೇಳಿದವನಾಗಿ ನಾನು ಹೇಳಬಯಸುವುದು ಒಂದೇ: ಕಲ್ಲು, ಕುಸಿತ, ನೀರು ಈ ಮೂರೂ ಒಂದೇ ನೆಲದ ವಿವಿಧ ಪದರಗಳಿಗೆ ಸಂಬಂಧಿಸಿದವು, ಆ ಪದರಗಳು ಹೇಗೆ ಹುಟ್ಟಿದವು, ಯಾವುದರಲ್ಲಿ ಯಾವ ಖನಿಜವಿದೆ ಎಂಬುದನ್ನು ಗಮನಿಸದೆ ಕೊಡುವ ಯಾವ ಪರವಾನಗಿಯೂ ಸರಿಯಾದ ಪರವಾನಗಿಯಲ್ಲ.

ಜಂಬಿಟ್ಟಿಗೆ, ಮುರಕಲ್ಲು, ಕೆಂಪುಕಲ್ಲು ಎಂದು ಊರಿಗೊಂದು ಹೆಸರಿನಿಂದ ನಾವು ಕರೆಯುವ ಲ್ಯಾಟರೈಟ್ ಒಂದು ಸ್ವತಂತ್ರ ಬಂಡೆಯಲ್ಲ. ಅದು ಬೇರೊಂದು ಬಂಡೆ ಕೊಳೆತು ಉಳಿದ ಶೇಷದ ಮೇಲ್ಭಾಗ ಮಾತ್ರ. ಯಾವುದಾದರೂ ಹಳೆಯ ಕಲ್ಲುಕೋರೆಯ ಗೋಡೆಯನ್ನು ಮೇಲಿಂದ ಕೆಳಕ್ಕೆ ನೋಡಿದರೆ ಇದು ತಿಳಿಯುತ್ತದೆ. ಎಲ್ಲಕ್ಕಿಂತ ಮೇಲೆ ಗಡಸಾದ, ಕಂದುಗಪ್ಪು ಬಣ್ಣದ, ಹುಲ್ಲು ಕೂಡ ಕಷ್ಟದಿಂದ ಹಿಡಿಯುವ ಪಾದೆ ಇರುತ್ತದೆ. ಅದರ ಕೆಳಗೆ ಹುಳು ಕೊರೆದಂಥ ತೂತುಗಳಿರುವ, ಯಂತ್ರದಿಂದ ಕೊಯ್ದು ತೆಗೆಯಬಹುದಾದ ಕೆಂಪುಕಲ್ಲು. ಇನ್ನೂ ಕೆಳಗೆ ಹೋದಂತೆ ಕೆಂಪಿನ ನಡುವೆ ಹಳದಿ ಮತ್ತು ಬಿಳಿಯ ಮಚ್ಚೆಗಳು ಹೆಚ್ಚುತ್ತವೆ. ಕಡೆಗೆ ಕೆಂಪು ಪೂರ್ತಿ ಮಾಯವಾಗಿ ಬಿಳಿ, ತಿಳಿಗುಲಾಬಿ, ಕೆಲವೊಮ್ಮೆ ನೇರಳೆ ಛಾಯೆಯ ನುಣುಪಾದ ಶೇಡಿಮಣ್ಣು ಕಾಣಿಸುತ್ತದೆ. ಹಿಂದಿನವರು ಗೋಡೆಗೆ ಬಳಿಯಲು, ಚಿತ್ತಾರ ಬರೆಯಲು ತರುತ್ತಿದ್ದುದು ಇದೇ ಮಣ್ಣನ್ನು. ಶೇಡಿಯ ತಳದಲ್ಲಿ ಮೂಲ ಬಂಡೆಯ ಪಟ್ಟೆಗಳು ಇನ್ನೂ ಗುರುತು ಸಿಗುವಂತೆ ಉಳಿದಿರುವ, ಆದರೆ ಬೆರಳಿನಿಂದಲೇ ಪುಡಿ ಮಾಡಬಹುದಾದ ಕೊಳೆತ ಕಲ್ಲಿರುತ್ತದೆ. ಅದರಡಿಯಲ್ಲಿ ಕಪ್ಪು ಬಿಳುಪು ಪಟ್ಟೆಗಳ ಗಟ್ಟಿ ಗ್ನೈಸ್ ಶಿಲೆ. ಕೆಂಪುಕಲ್ಲಿನ ದಪ್ಪ ಒಂದು ಕಡೆ ಒಂದೆರಡು ಮೀಟರ್ ಇದ್ದರೆ ಇನ್ನೊಂದು ಕಡೆ ಹತ್ತು ಮೀಟರನ್ನೂ ಮೀರಬಹುದು. ಪಕ್ಕಪಕ್ಕದ ಎರಡು ಗುಡ್ಡಗಳಲ್ಲಿಯೇ ಅದು ಒಂದೇ ಸಮನಾಗಿರುವುದಿಲ್ಲ.

ಗಟ್ಟಿ ಗ್ನೈಸ್ ಇಷ್ಟು ಮೆತ್ತಗಾಗಿ, ಮತ್ತೆ ಅದರ ನೆತ್ತಿಯೇ ಇಷ್ಟು ಗಡಸಾದದ್ದು ಹೇಗೆ? ಗ್ನೈಸ್‌ನ ತೂಕದಲ್ಲಿ ಸುಮಾರು ಶೇ 70ರಷ್ಟು ಸಿಲಿಕ (ಮರಳಿನ ಮುಖ್ಯ ವಸ್ತು) ಇರುತ್ತದೆ. ಕಬ್ಬಿಣದ ಆಕ್ಸೈಡ್ ಸಾಮಾನ್ಯವಾಗಿ ಶೇ 5ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ. ಅದೇ ಬಂಡೆಯಿಂದ ಹುಟ್ಟಿದ ಒಳ್ಳೆಯ ಕೆಂಪುಕಲ್ಲಿನಲ್ಲಿ ಕಬ್ಬಿಣದ ಆಕ್ಸೈಡ್ ಶೇ 30, 40ರವರೆಗೂ ಏರುವುದುಂಟು. ಇಷ್ಟು ಕಬ್ಬಿಣವನ್ನು ಹೊರಗಿನಿಂದ ಯಾರೂ ತಂದು ಸುರಿದಿಲ್ಲ. ಬೇರೆ ವಸ್ತುಗಳು ಹೊರಟುಹೋದದ್ದರಿಂದ ಕಬ್ಬಿಣದ ಪಾಲು ಹೆಚ್ಚಾಯಿತು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಆಮ್ಲೀಯವಾಗಿರುತ್ತದೆ, ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುವ ಮಣ್ಣಿನೊಳಗೆ ಇಳಿದಾಗ ಆ ಆಮ್ಲತೆ ಇನ್ನಷ್ಟು ಹೆಚ್ಚುತ್ತದೆ. ಇಂಥ ನೀರು ಗ್ನೈಸ್‌ನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜದ ಮೇಲೆ ಹರಿದಾಗ ಅದರಲ್ಲಿನ ಸೋಡಿಯಂ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಮೊದಲು ಕರಗಿ ಹೋಗುತ್ತವೆ, ಸಿಲಿಕದ ಒಂದು ಪಾಲೂ ಅವುಗಳ ಬೆನ್ನಿಗೇ ಹೋಗುತ್ತದೆ. ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕ ಸಮಾನ ಸಂಖ್ಯೆಯಲ್ಲಿ ಜೋಡಿಕೊಂಡು ಕೇಯೊಲಿನೈಟ್ ಎಂಬ ಜೇಡಿಖನಿಜವಾಗುತ್ತವೆ. ನಮ್ಮ ಶೇಡಿಮಣ್ಣಿನ ಮುಖ್ಯ ಖನಿಜ ಇದೇ. ನೀರು ಇನ್ನೂ ಧಾರಾಳವಾಗಿ ಬಸಿದುಹೋಗುವ ಎತ್ತರದ ಜಾಗಗಳಲ್ಲಿ ಕೇಯೊಲಿನೈಟ್ ಕೂಡ ತನ್ನ ಸಿಲಿಕವನ್ನು ಕಳೆದುಕೊಂಡು ಗಿಬ್ಸೈಟ್ ಆಗುತ್ತದೆ; ಗಿಬ್ಸೈಟ್ ಎಂದರೆ ಕೇವಲ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಬೆಳಗಾವಿ ಜಿಲ್ಲೆಯ ಬಸಾಲ್ಟ್ ಗುಡ್ಡಗಳ ನೆತ್ತಿಯಲ್ಲಿ ಈ ಕ್ರಿಯೆ ಬಹಳ ಮುಂದುವರಿದುದರಿಂದಲೇ ಅಲ್ಲಿ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ದೊರೆಯುತ್ತದೆ. ಬೆಣಚುಕಲ್ಲಿನ ಹರಳು ಮಾತ್ರ ಈ ನೀರಿಗೆ ಸುಲಭವಾಗಿ ಬಗ್ಗುವುದಿಲ್ಲ. ಕೆಂಪುಕಲ್ಲನ್ನು ಒಡೆದಾಗ ಅಲ್ಲಲ್ಲಿ ಮಿನುಗುವ ಗಾಜಿನಂಥ ಕಣಗಳು ಮೂಲ ಬಂಡೆಯಿಂದ ಬದಲಾಗದೆ ಉಳಿದುಕೊಂಡ ಬೆಣಚಿನವು.

ಕಬ್ಬಿಣದ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್, ಗಾರ್ನೆಟ್ ಮುಂತಾದ ಖನಿಜಗಳು ಒಡೆದಾಗ ಬಿಡುಗಡೆಯಾಗುವ ಕಬ್ಬಿಣ ಹೆಚ್ಚಾಗಿ ಫೆರಸ್ ರೂಪದಲ್ಲಿರುತ್ತದೆ, ಆ ರೂಪದಲ್ಲಿ ಅದು ನೀರಿನೊಂದಿಗೆ ಚಲಿಸಬಲ್ಲದು. ಗಾಳಿ ತಾಗಿದೊಡನೆ ಅದು ಫೆರಿಕ್ ಆಗುತ್ತದೆ. ಫೆರಿಕ್ ಕಬ್ಬಿಣ ಸಾಮಾನ್ಯ ಮಣ್ಣಿನ ಆಮ್ಲತೆಯಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಈಗ ಕರಾವಳಿಯ ಹವೆಯನ್ನು ನೆನೆಯಿರಿ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆಮೇಲೆ ಉದ್ದನೆಯ ಬೇಸಿಗೆ. ಮಳೆಗಾಲದಲ್ಲಿ ಅಂತರ್ಜಲ ನೆಲದ ಹತ್ತಿರಕ್ಕೆ ಏರಿ ರಂಧ್ರಗಳನ್ನೆಲ್ಲ ತುಂಬಿದಾಗ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಫೆರಿಕ್ ಕಬ್ಬಿಣವನ್ನೇ ಬಳಸಿಕೊಂಡು ಅದನ್ನು ಮತ್ತೆ ಚಲಿಸುವ ಫೆರಸ್ ಕಬ್ಬಿಣವನ್ನಾಗಿ ಮಾಡುತ್ತವೆ. ಬೇಸಿಗೆಯಲ್ಲಿ ನೀರು ಹಲವು ಮೀಟರ್ ಕೆಳಗಿಳಿದಾಗ ಗಾಳಿ ಒಳಹೊಕ್ಕು ಆ ಕಬ್ಬಿಣ ಇದ್ದಲ್ಲೇ ಕೂತುಬಿಡುತ್ತದೆ. ಹೀಗೆ ನೀರು ಏರಿಳಿಯುವ ವಲಯದಲ್ಲಿ, ವರ್ಷಕ್ಕೊಮ್ಮೆಯಂತೆ ಲಕ್ಷಗಟ್ಟಲೆ ಸಲ, ಕಬ್ಬಿಣ ಕರಗುತ್ತ ಕೂಡುತ್ತ ಹೋಗಿ ಕೆಂಪು ಗಂಟುಗಳಾಗಿ, ಗಂಟುಗಳು ಒಂದಕ್ಕೊಂದು ಬೆಸೆದು ಜಾಲವಾಗಿ, ಜಾಲದ ನಡುವಿನ ಮೆತ್ತನೆಯ ಜೇಡಿ ನೀರಿಗೆ ತೊಳೆದುಹೋಗಿ ಈ ತೂತಿನ ಕಲ್ಲು ರೂಪುಗೊಂಡಿದೆ. ಕಬ್ಬಿಣವನ್ನು ಕಳೆದುಕೊಂಡ ಕೆಳಗಿನ ಪದರ ಬಿಳಿಚಿಕೊಂಡಿದೆ. ಅಂದರೆ ಕೆಂಪುಕಲ್ಲು ಮತ್ತು ಶೇಡಿ ಎರಡೂ ಒಂದೇ ಕ್ರಿಯೆಯ ಫಲಗಳು. ಒಂದಿರುವಲ್ಲಿ ಇನ್ನೊಂದನ್ನು ನಿರೀಕ್ಷಿಸಲೇಬೇಕು.

ಬಣ್ಣದ ವಿಷಯದಲ್ಲಿ ಒಂದು ಮಾತು. ಇಲ್ಲಿ ಕಬ್ಬಿಣ ಮುಖ್ಯವಾಗಿ ಎರಡು ಖನಿಜಗಳಲ್ಲಿದೆ: ನೀರಿನಂಶವಿಲ್ಲದ, ಕೆಂಪು ಬಣ್ಣದ ಹೆಮಟೈಟ್ ಮತ್ತು ನೀರಿನಂಶವನ್ನು ಹರಳಿನೊಳಗೆ ಇಟ್ಟುಕೊಂಡ, ಹಳದಿಗಂದು ಬಣ್ಣದ ಗೋಥೈಟ್. ಬಿಸಿಯಾಗಿ ಬೇಗ ಒಣಗುವ ಮಣ್ಣಿನಲ್ಲಿ ಹೆಮಟೈಟ್ ಹೆಚ್ಚು, ತಂಪಾಗಿ ತೇವವಾಗಿ ಎಲೆಗೊಬ್ಬರ ತುಂಬಿರುವ ಕಾಡಿನ ಮಣ್ಣಿನಲ್ಲಿ ಗೋಥೈಟ್ ಹೆಚ್ಚು. ಹೆಮಟೈಟ್ ಎಷ್ಟು ಗಾಢ ಬಣ್ಣದ್ದೆಂದರೆ ಮಣ್ಣಿನಲ್ಲಿ ಅದು ಕೆಲವೇ ಪ್ರತಿಶತ ಇದ್ದರೂ ಇಡೀ ಮಣ್ಣು ಕೆಂಪಾಗಿ ಕಾಣುತ್ತದೆ. ಈ ಕಾರಣದಿಂದಲೇ ಕೆಂಪಾಗಿರುವುದೆಲ್ಲ ಜಂಬಿಟ್ಟಿಗೆ ಎಂದು ತಿಳಿಯಬಾರದು. ಕೋಲಾರ, ತುಮಕೂರು, ಮೈಸೂರು ಕಡೆಯ ಕೆಂಪುಮಣ್ಣಿನಲ್ಲಿ ಸಿಲಿಕ ಅಷ್ಟಾಗಿ ತೊಳೆದುಹೋಗಿಲ್ಲ. ಅಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಸಾಕಷ್ಟು ಉಳಿದಿವೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಮಣ್ಣುವಿಜ್ಞಾನಿಗಳು ಸಿಲಿಕಕ್ಕೂ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳ ಮೊತ್ತಕ್ಕೂ ಇರುವ ಅನುಪಾತವನ್ನು ಅಳೆದು, ಅದು 1.33ಕ್ಕಿಂತ ಕಡಿಮೆಯಿದ್ದರೆ ಮಾತ್ರ ಜಂಬಿಟ್ಟಿಗೆ ಮಣ್ಣು ಎಂದು ಪರಿಗಣಿಸುತ್ತಿದ್ದರು. ಆ ಅಳತೆ ಈಗ ಹಳೆಯದಾಗಿದ್ದರೂ, ಬಣ್ಣ ನೋಡಿ ತೀರ್ಮಾನಿಸುವುದಕ್ಕಿಂತ ಎಷ್ಟೋ ಉತ್ತಮ. ಪತ್ರಿಕೆಗಳ ಕೃಷಿ ಪುಟಗಳಲ್ಲಿ ಈ ಎರಡು ಮಣ್ಣುಗಳಿಗೆ ಒಂದೇ ಶಿಫಾರಸು ಮುದ್ರಣವಾಗುವುದನ್ನು ಕಂಡಾಗ ಬೇಸರವಾಗುತ್ತದೆ.

ಕಲ್ಲು ಕೋರೆಯಿಂದ ಬರುವ ಆದಾಯದ ಲೆಕ್ಕದಲ್ಲಿ ಕಾಲದ ಲೆಕ್ಕ ಎಲ್ಲಿಯೂ ಇಲ್ಲ. ಪಶ್ಚಿಮ ಘಟ್ಟದ ತಪ್ಪಲಿನಲ್ಲಿಯೂ ಸಂಡೂರಿನ ಬೆಟ್ಟಗಳಲ್ಲಿಯೂ ಇಂಥ ಶೇಷ ಪದರಗಳೊಳಗಿನ ಮ್ಯಾಂಗನೀಸ್ ಖನಿಜಗಳ ವಯಸ್ಸನ್ನು ಆರ್ಗಾನ್ ಅನಿಲದ ವಿಧಾನದಿಂದ ಅಳೆದಾಗ ದೊರೆತದ್ದು ಕೋಟಿಗಟ್ಟಲೆ ವರ್ಷಗಳ ಸಂಖ್ಯೆಗಳು. ಗಟ್ಟಿ ಬಂಡೆ ಒಂದು ಮೀಟರ್ ಆಳಕ್ಕೆ ಕೊಳೆಯಬೇಕಾದರೆ ನಮ್ಮಂಥ ಮಳೆನಾಡಿನಲ್ಲಿಯೂ ಹತ್ತಾರು ಸಾವಿರ ವರ್ಷ ಬೇಕು. ಕೋರೆಯನ್ನು ಮುಚ್ಚಿ ಮೇಲೆ ಮಣ್ಣು ಹರಡಿ ಸಸಿ ನೆಟ್ಟ ಮಾತ್ರಕ್ಕೆ ಆ ನೆಲ ಪುನಶ್ಚೇತನಗೊಂಡಿತು ಎಂದು ವರದಿಯಲ್ಲಿ ಬರೆಯುವುದು ಸುಳ್ಳು. ಸಸಿ ಬೆಳೆಯಬಹುದು, ಬೆಳೆಯಲಿ. ತೆಗೆದ ಪದರ ಮಾತ್ರ ಮನುಷ್ಯರ ಕಾಲಮಾನದಲ್ಲಿ ಮತ್ತೆ ಬರುವುದಿಲ್ಲ.

ಈ ಕಲ್ಲನ್ನು ಬಳಸಲೇಬಾರದು ಎಂಬುದು ನನ್ನ ವಾದವಲ್ಲ. ಟಿಪ್ಪುವಿನ ಪತನಾನಂತರ ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ವರದಿಯಲ್ಲಿ ಮಲಬಾರಿನ ಅಂಗಾಡಿಪುರಂ ಬಳಿಯ ಈ ಕಲ್ಲನ್ನು ವರ್ಣಿಸಿ, ನೆಲದೊಳಗಿರುವಾಗ ಇದನ್ನು ಕಬ್ಬಿಣದ ಉಪಕರಣದಿಂದ ಸಲೀಸಾಗಿ ಕಡಿಯಬಹುದು, ಹೊರತೆಗೆದು ಗಾಳಿಗೆ ಒಡ್ಡಿದ ಬಳಿಕ ಇದು ಗಡಸಾಗುತ್ತದೆ ಎಂದು ದಾಖಲಿಸಿದರು. ಲ್ಯಾಟರೈಟ್ ಎಂಬ ಹೆಸರನ್ನು ವಿಜ್ಞಾನಕ್ಕೆ ಕೊಟ್ಟವರು ಅವರೇ. ಅಂಗಾಡಿಪುರಂನ ಆ ತಾಣ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ನಮ್ಮ ಕಲ್ಲುಕುಟಿಗರಿಗೆ ಆ ಗುಣ ಅದಕ್ಕೂ ಬಹಳ ಹಿಂದೆಯೇ ಗೊತ್ತಿತ್ತು ಎಂಬುದಕ್ಕೆ ಕುಮಟಾದ ಮಿರ್ಜಾನ್ ಕೋಟೆ ಸಾಕ್ಷಿ, ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನಲಾದ ಬೇಕಲ ಕೋಟೆ ಸಾಕ್ಷಿ. ಹಸಿ ಕಲ್ಲಿನ ರಂಧ್ರಗಳಲ್ಲಿನ ತೇವ ಆರಿದಾಗ, ಸರಿಯಾಗಿ ಹರಳುಗಟ್ಟದೆ ಇದ್ದ ಕಬ್ಬಿಣದ ಹೈಡ್ರಾಕ್ಸೈಡ್‌ಗಳು ನೀರನ್ನು ಕಳೆದುಕೊಂಡು ಗೋಥೈಟ್ ಮತ್ತು ಹೆಮಟೈಟ್ ಹರಳುಗಳಾಗಿ ಬಲಿತು ಜೇಡಿಯ ಕಣಗಳನ್ನು ಬಿಗಿಹಿಡಿಯುತ್ತವೆ. ಮತ್ತೆ ನೆನೆದರೂ ಅದು ಹಿಂದಿನ ಮೆದುತನಕ್ಕೆ ಮರಳುವುದಿಲ್ಲ. ಆದರೆ ಕಬ್ಬಿಣ ಕಡಿಮೆಯಿದ್ದು ಜೇಡಿ ಹೆಚ್ಚಿರುವ ಕೆಳಪದರದ ಕಲ್ಲಿಗೆ ಈ ಗುಣವಿಲ್ಲ. ಮಾರುಕಟ್ಟೆಯಲ್ಲಿ ಕಲ್ಲು ಸಾಲದಾದಾಗ ಬಿಳಿ ಮಚ್ಚೆ ತುಂಬಿದ ಆ ಕೆಳಪದರದ ಕಲ್ಲೂ ಲಾರಿಗೆ ಏರುತ್ತದೆ, ಮನೆ ಕಟ್ಟುವವರು ಅದನ್ನು ತಿಳಿಯದೆ ಕೊಳ್ಳುತ್ತಾರೆ. ಹಳೆ ಗೋವಾದ ಬಾಮ್ ಜೀಸಸ್ ಚರ್ಚಿನ ಹೊರಗೋಡೆಯ ಗಾರೆಯನ್ನು 1950ರ ದಶಕದಲ್ಲಿ ಕಿತ್ತು ತೆಗೆದ ಮೇಲೆ, ಒಳ್ಳೆಯ ಕೆಂಪುಕಲ್ಲಿನ ಗೋಡೆಯೂ ಮಳೆಯ ಹೊಡೆತಕ್ಕೆ ಸವೆಯತೊಡಗಿ ಸಂರಕ್ಷಕರ ಚಿಂತೆಗೆ ಕಾರಣವಾಗಿದೆ. ಹೀಗಿರುವಾಗ ಕೆಳಪದರದ ಕಲ್ಲಿನ ಗೋಡೆಗೆ ಗಾರೆಯೂ ಇಲ್ಲದಿದ್ದರೆ ಅದರ ಬಾಳಿಕೆ ಎಷ್ಟೆಂದು ಹೇಳಬೇಕಾಗಿಲ್ಲ.

ನನ್ನ ಮುಖ್ಯ ಆತಂಕ ಶೇಡಿಯ ಕುರಿತದ್ದು. ಒಣಗಿರುವಾಗ ಶೇಡಿಯ ಗೋಡೆ ಕಡಿದಾಗಿ ನಿಲ್ಲುತ್ತದೆ, ಗುದ್ದಲಿಗೂ ಗಟ್ಟಿಯೆನಿಸುತ್ತದೆ. ಬೇಸಿಗೆಯಲ್ಲಿ ಗುಡ್ಡ ಕಡಿಯುವವರಿಗೆ ಧೈರ್ಯ ಬರುವುದು ಈ ಕಾರಣದಿಂದ. ನೀರು ಕುಡಿದಾಗ ಅದರ ಬಲ ಬಹಳಷ್ಟು ಕುಂದುತ್ತದೆ, ಏಕೆಂದರೆ ಅದರಲ್ಲಿನ ನುಣುಪಾದ ಕಣಗಳನ್ನು ಬೆಸೆಯಬೇಕಾಗಿದ್ದ ಕಬ್ಬಿಣ ಮೇಲಿನ ಪದರಕ್ಕೆ ಸೇರಿಬಿಟ್ಟಿದೆ. ಪ್ರಕೃತಿಯಲ್ಲಿ ಇದಕ್ಕೆ ರಕ್ಷಣೆ ಮೇಲಿನ ಕೆಂಪುಕಲ್ಲಿನದೇ: ಅದು ಮಳೆಯ ಹೊಡೆತವನ್ನು ತಾನು ತಡೆದು, ನೀರನ್ನು ತನ್ನ ತೂತುಗಳಲ್ಲಿ ಹಾಯಿಸಿ, ಗುಡ್ಡದ ಬುಡದ ಒರತೆಗಳಲ್ಲಿ ನಿಧಾನವಾಗಿ ಹೊರಬಿಡುತ್ತದೆ. ರಸ್ತೆಗೋ ಬಡಾವಣೆಗೋ ಗುಡ್ಡದ ಬುಡವನ್ನು ಲಂಬವಾಗಿ ಕಡಿದಾಗ ಶೇಡಿ ಮೊದಲ ಬಾರಿಗೆ ನೇರ ಮಳೆಗೆ ಒಡ್ಡಿಕೊಳ್ಳುತ್ತದೆ, ಮೇಲೆ ಕೆಂಪುಕಲ್ಲಿನ ಭಾರ ಹಾಗೆಯೇ ಇರುತ್ತದೆ, ಎರಡು ಪದರಗಳ ನಡುವೆ ನೀರು ಒಸರುತ್ತದೆ. ಕೆಳಗಿನ ಶೇಡಿ ಕೊರೆದುಹೋದಂತೆ ಮೇಲಿನ ಕಲ್ಲು ಚಾಚಿ ನಿಂತು, ಒಂದು ದಿನ ಬಿರುಕುಬಿಟ್ಟು ಇಡಿಯಾಗಿ ಬೀಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಯವರೆಗೆ ಜಾರಿ ಜೀವಗಳನ್ನು ಬಲಿ ತೆಗೆದುಕೊಂಡದ್ದನ್ನು ನಾವು ಮರೆತಿಲ್ಲ. ಪ್ರತಿ ಕುಸಿತಕ್ಕೂ ಅದರದೇ ಆದ ಕಾರಣಗಳಿರುತ್ತವೆ, ಎಲ್ಲಕ್ಕೂ ಶೇಡಿಯೇ ಹೊಣೆಯಲ್ಲ. ಆದರೂ ದಪ್ಪವಾಗಿ ಕೊಳೆತ ಪದರವಿರುವ ಇಳಿಜಾರನ್ನು, ಪದರಗಳ ಆಳವನ್ನು ಗುರುತಿಸದೆ ಕಡಿಯುವುದು ಜೀವದೊಡನೆ ಆಡುವ ಆಟ. ಬುಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಸಾಲದು. ಗೋಡೆಯ ಹಿಂದಿನ ನೀರಿಗೆ ಹೊರದಾರಿ ಇಲ್ಲದಿದ್ದರೆ ಆ ಗೋಡೆಯೇ ನೀರನ್ನು ಕಟ್ಟಿ ನಿಲ್ಲಿಸುವ ಅಣೆಯಾಗುತ್ತದೆ.

ಕರಾವಳಿಯಲ್ಲಿ ಇಷ್ಟು ಮಳೆ ಬಂದರೂ ಬಾವಿಗಳು ಫೆಬ್ರುವರಿ, ಮಾರ್ಚ್‌ಗೆ ಬತ್ತುವುದೇಕೆ ಎಂಬ ಪ್ರಶ್ನೆಗೂ ಉತ್ತರ ಈ ಪದರಗಳಲ್ಲೇ ಇದೆ. ಕೆಂಪುಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ. ಶೇಡಿಯೊಳಗೆ ನೀರಿನ ನಡಿಗೆ ಬಹಳ ನಿಧಾನ. ಆದ್ದರಿಂದ ನೀರು ಕೆಂಪುಕಲ್ಲಿನ ತಳದಲ್ಲಿ, ಶೇಡಿಯ ಮೇಲೆ ಕೂಡಿಕೊಂಡು ಅಡ್ಡಲಾಗಿ ಹರಿಯುತ್ತದೆ. ಕಾಸರಗೋಡು ಮತ್ತು ಅದಕ್ಕೆ ಹೊಂದಿಕೊಂಡ ದಕ್ಷಿಣ ಕನ್ನಡದ ಗ್ರಾಮಗಳ ಹಿರಿಯರು ಗುಡ್ಡದ ಬದಿಯಿಂದ ಅಡ್ಡಕ್ಕೆ ಸುರಂಗ ಕೊರೆದು ಈ ನೀರನ್ನೇ ಹಿಡಿದರು. ವಿದ್ಯುತ್ ಬೇಡ, ಪಂಪು ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಸುರಂಗ ಕೊರೆದು ಒಣಗುಡ್ಡವನ್ನು ತೋಟ ಮಾಡಿದ್ದಕ್ಕಾಗಿ 2022ರಲ್ಲಿ ಪದ್ಮಶ್ರೀ ಪಡೆದರು. ಅವರ ಶ್ರಮಕ್ಕೆ ಕೈಮುಗಿಯುವ ನಾವು, ಅಂಥ ಸುರಂಗಗಳಿಗೆ ನೀರುಣಿಸುವ ಮೇಲಿನ ಪದವನ್ನು (ಗುಡ್ಡದ ನೆತ್ತಿಯ ಕೆಂಪುಕಲ್ಲಿನ ಬಯಲನ್ನು) ಕೋರೆಗೆ ಕೊಟ್ಟರೆ ಆ ನೀರು ಎಲ್ಲಿಂದ ಬರಬೇಕು? ಕೆಂಪುಕಲ್ಲನ್ನು ಶೇಡಿಯವರೆಗೂ ಪೂರ್ತಿ ಕೊಯ್ದು ತೆಗೆದಲ್ಲಿ ನೀರು ಹಿಡಿದಿಡುವ ಪದರವೇ ಇಲ್ಲವಾಗುತ್ತದೆ. ಬಳಿಕ ಮಳೆನೀರು ಶೇಡಿಯ ಬಿಳಿ ರಾಡಿಯನ್ನು ಹೊತ್ತು ತೋಡಿಗೆ, ತೋಡಿನಿಂದ ಕೆಳಗಿನ ಗದ್ದೆಗೆ ಹೋಗುತ್ತದೆ.

ಕೃಷಿಯ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಈ ಮಣ್ಣಿನ ಖನಿಜಗಳ ಸ್ವಭಾವವನ್ನು ತಿಳಿಯದೆ ನಮ್ಮ ರೈತರು ಗೊಬ್ಬರಕ್ಕೆ ಹಣ ಸುರಿಯುತ್ತಿದ್ದಾರೆ. ವಿಜಯಪುರ, ಧಾರವಾಡದ ಕಪ್ಪುಮಣ್ಣಿನ ಜೇಡಿಖನಿಜಗಳ ಹಾಳೆಗಳ ಮೇಲೆ ಸ್ಥಿರವಾದ ಋಣ ವಿದ್ಯುದಂಶವಿರುತ್ತದೆ, ಆದ್ದರಿಂದ ಅವು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಅಮೋನಿಯಂಗಳನ್ನು ಹಿಡಿದಿಟ್ಟುಕೊಂಡು ಬೇರಿಗೆ ಬೇಕಾದಾಗ ಕೊಡುತ್ತವೆ. ಕೇಯೊಲಿನೈಟ್‌ಗೆ ಆ ಶಕ್ತಿ ಅದರ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳ ಮೇಲಿನ ವಿದ್ಯುದಂಶವಂತೂ ಸ್ಥಿರವಾದುದಲ್ಲ. ಮಣ್ಣು ಆಮ್ಲೀಯವಾದಷ್ಟೂ ಅವು ಧನ ವಿದ್ಯುದಂಶವನ್ನು ಪಡೆದು ಫಾಸ್ಫೇಟನ್ನು (ಗೊಬ್ಬರದ ರಂಜಕವನ್ನು) ಸೆಳೆದು ಬಿಗಿಯಾಗಿ ಕಟ್ಟಿಹಾಕುತ್ತವೆ. ಕರಗುವ ಸೂಪರ್ ಫಾಸ್ಫೇಟನ್ನು ಎತ್ತರದ ಬೆಟ್ಟುಗದ್ದೆಗೆ ಎರಚಿದಾಗ ಅದರ ಬಹುಪಾಲು ಬೆಳೆಗೆ ದೊರೆಯುವ ಮೊದಲೇ ಗೋಥೈಟ್ ಮತ್ತು ಗಿಬ್ಸೈಟ್‌ಗಳ ಮೈಗೆ ಅಂಟಿಕೊಂಡಿರುತ್ತದೆ. ಸುರಿಯುವ ಮಳೆಯಲ್ಲಿ ಪೊಟ್ಯಾಷ್ ಮತ್ತು ಸಾರಜನಕ ತೊಳೆದುಹೋಗುತ್ತವೆ. ಆಮ್ಲತೆ ತೀರ ಹೆಚ್ಚಾದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನೇ ಮೊಂಡು ಮಾಡುತ್ತದೆ. ಗೊಬ್ಬರ ಹೆಚ್ಚಿಸುವುದು ಇದಕ್ಕೆ ಪರಿಹಾರವಲ್ಲ. ಮೊದಲು ಸುಣ್ಣ ಕೊಟ್ಟು ಆಮ್ಲತೆಯನ್ನು ತಗ್ಗಿಸಬೇಕು, ರಂಜಕವನ್ನು ನಿಧಾನವಾಗಿ ಕರಗುವ ಶಿಲಾರಂಜಕದ (ರಾಕ್ ಫಾಸ್ಫೇಟ್) ರೂಪದಲ್ಲಿ ಕೊಡಬೇಕು, ಪೊಟ್ಯಾಷನ್ನು ಕಂತುಗಳಲ್ಲಿ ಹಾಕಬೇಕು. ಶಿಲಾರಂಜಕ ಕರಗಲು ಆಮ್ಲತೆಯೇ ಬೇಕಾದ್ದರಿಂದ ಸುಣ್ಣವನ್ನೂ ಅದನ್ನೂ ಒಟ್ಟಿಗೆ ಎರಚಬಾರದು ಎಂಬುದನ್ನೂ ಹೇಳಬೇಕು.

ನಮ್ಮ ಹಿರಿಯರ ಪದ್ಧತಿಗಳು ಈ ಖನಿಜಗಳಿಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದವು ಎಂಬುದನ್ನು ನೆನೆದರೆ ಅಭಿಮಾನವೆನಿಸುತ್ತದೆ. ದಕ್ಷಿಣ ಕನ್ನಡದ ಕುಮ್ಕಿಯಿಂದ (ರೈತರ ಜಮೀನಿಗೆ ತಾಗಿದ ಸರ್ಕಾರಿ ನೆಲದಿಂದ), ಉತ್ತರ ಕನ್ನಡದ ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು ಕೊಳೆತಾಗ ಹುಟ್ಟುವ ಸಾವಯವ ಆಮ್ಲಗಳು ಆಕ್ಸೈಡ್‌ಗಳ ಮೈಯನ್ನು ತಾವು ಆವರಿಸಿಕೊಂಡು ರಂಜಕಕ್ಕೆ ಬಿಡುಗಡೆ ಕೊಡುತ್ತವೆ. ಖನಿಜಗಳಿಗಿಲ್ಲದ ಹಿಡಿದಿಡುವ ಶಕ್ತಿಯನ್ನು, ಸೊಪ್ಪು ಕೊಳೆತು ಉಳಿಯುವ ಹ್ಯೂಮಸ್ ತಾನು ಕೊಡುತ್ತದೆ. ಸೊಪ್ಪು ಮತ್ತು ತರಗೆಲೆಯೊಂದಿಗೆ ಮಣ್ಣನ್ನು ಒಟ್ಟಿ ಸುಟ್ಟು ಮಾಡುವ ಸುಡುಮಣ್ಣು ತರಕಾರಿ ಗಿಡಗಳಿಗೆ ಒಳ್ಳೆಯದೆಂದು ಅಜ್ಜಿಯರು ಹೇಳುತ್ತಿದ್ದುದರಲ್ಲಿ ಸತ್ಯವಿದೆ: ಬೂದಿಯಿಂದ ಆಮ್ಲತೆ ಇಳಿಯುತ್ತದೆ, ಸಾವಯವ ರೂಪದಲ್ಲಿ ಅಡಗಿದ್ದ ರಂಜಕ ಹೊರಬರುತ್ತದೆ. ಅದೇ ಬೆಂಕಿಯಲ್ಲಿ ಗೋಥೈಟ್ ತನ್ನ ನೀರನ್ನು ಕಳೆದುಕೊಂಡು ಹೆಮಟೈಟ್ ಆಗುವುದರಿಂದಲೇ ಸುಡುಮಣ್ಣಿಗೆ ಆ ಗಾಢ ಕೆಂಪು. ಎಲೆಯ ಅಂಶ ಇದ್ದಲ್ಲಿ ಮ್ಯಾಗ್ಹೆಮೈಟ್ ಎಂಬ ಇನ್ನೊಂದು ಆಕ್ಸೈಡ್ ಕೂಡ ಉಂಟಾಗಿ ಅದರ ಕಣಗಳು ಅಯಸ್ಕಾಂತಕ್ಕೆ ಅಂಟುತ್ತವೆ. ಎತ್ತರದ ಬೆಟ್ಟು, ನಡುಮಟ್ಟದ ಮಜಲು, ತಗ್ಗಿನ ಬೈಲು ಎಂಬ ನಮ್ಮ ಗದ್ದೆಗಳ ವಿಂಗಡಣೆಯೂ ಇದೇ ನೆಲದ ಓದು. ಬೆಟ್ಟಿನಲ್ಲಿ ನೀರು ನಿಲ್ಲುವುದಿಲ್ಲ. ಬೈಲಿನಲ್ಲಿ ಮೇಲಿನಿಂದ ಒಸರಿ ಬರುವ ಫೆರಸ್ ಕಬ್ಬಿಣ ಸೇರಿ, ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿ, ಭತ್ತದ ಎಲೆ ಕಂದಾಗುವ ಕಬ್ಬಿಣದ ನಂಜು ಕಾಣಿಸುತ್ತದೆ. ಎರಡಕ್ಕೂ ಒಂದೇ ಗೊಬ್ಬರದ ಪಟ್ಟಿ ಕೊಟ್ಟರೆ ಅದು ಯಾವುದಕ್ಕೂ ಸರಿಹೊಂದುವುದಿಲ್ಲ.

ಪರವಾನಗಿಯ ಕಡತಗಳಲ್ಲಿ ಪದವುಗಳನ್ನು ಬರಡು ನೆಲವೆಂದು ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಆ ಪಾದೆಯ ಗುಂಡಿಗಳಲ್ಲಿ ನಿಂತ ತೆಳುನೀರಿನಲ್ಲಿ ಯುಟ್ರಿಕ್ಯುಲೇರಿಯ, ಡ್ರೊಸೆರ, ಎರಿಯೊಕಾಲನ್ ಗಿಡಗಳು ಹೂಬಿಟ್ಟಿರುತ್ತವೆ. ಪೋಷಕಾಂಶಗಳೇ ಇಲ್ಲದ ಈ ನೆಲದಲ್ಲಿ ಮೊದಲ ಎರಡು ಕೀಟಗಳನ್ನು ಹಿಡಿದು ಬದುಕಲು ಕಲಿತಿವೆ. ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯೂ ಇಂಥದೇ ಕೆಂಪುಕಲ್ಲಿನ ಹಾಸು, ಅದು 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವಪರಂಪರೆ ತಾಣಗಳಲ್ಲಿ ಸೇರಿತು. ಅಲ್ಲಿ ಪರಂಪರೆಯಾದ ನೆಲ ಇಲ್ಲಿ ಬರಡಾಗಬೇಕಾಗಿಲ್ಲ.

2015ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 31 ಖನಿಜಗಳನ್ನು ಉಪಖನಿಜಗಳೆಂದು ಘೋಷಿಸಿದಾಗ ಲ್ಯಾಟರೈಟ್ ಮತ್ತು ಕೇಯೊಲಿನ್ (ಕೇಯೊಲಿನೈಟ್ ಜೇಡಿ) ಎರಡೂ ಆ ಪಟ್ಟಿಯಲ್ಲಿದ್ದವು. ಉಪಖನಿಜಗಳ ನಿಯಮ ರೂಪಿಸುವ ಅಧಿಕಾರ ರಾಜ್ಯಕ್ಕೆ ಸೇರಿದೆ. ಆದ್ದರಿಂದ ರಾಜ್ಯ ಸರ್ಕಾರವನ್ನೂ ಜಿಲ್ಲಾಡಳಿತಗಳನ್ನೂ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಯಾವುದೇ ಕೋರೆಗೆ ಅಥವಾ ಗುಡ್ಡ ಕಡಿಯುವ ಕಾಮಗಾರಿಗೆ ಅನುಮತಿ ಕೊಡುವ ಮೊದಲು ಆ ಜಾಗದಲ್ಲಿ ಕೆಲವು ಕೊಳವೆ ಕೊರೆದು ಕೆಂಪುಕಲ್ಲಿನ ದಪ್ಪವನ್ನೂ ಶೇಡಿ ಆರಂಭವಾಗುವ ಆಳವನ್ನೂ ಮಳೆಗಾಲದ ನೀರಿನ ಮಟ್ಟವನ್ನೂ ದಾಖಲಿಸುವುದು ಕಡ್ಡಾಯವಾಗಲಿ, ಆ ದಾಖಲೆ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಯಾರಿಗೂ ನೋಡಲು ಸಿಗಲಿ. ಕೋರೆಯ ತಳದಲ್ಲಿ ಶೇಡಿಯ ಮೇಲೆ ಕನಿಷ್ಠ ಒಂದೆರಡು ಮೀಟರ್ ಕೆಂಪುಕಲ್ಲನ್ನು ಉಳಿಸಬೇಕೆಂಬ ಷರತ್ತು ಇರಲಿ. ಶೇಡಿ ಹೊರಬಿದ್ದಿರುವ ಹಳೆಯ ಕೋರೆಗಳನ್ನೂ ರಸ್ತೆ ಬದಿಯ ಕಡಿತಗಳನ್ನೂ ಗುರುತಿಸಿ ಮುಂದಿನ ಮಳೆಗಾಲಕ್ಕೆ ಮುನ್ನ ಮೆಟ್ಟಿಲುಮೆಟ್ಟಿಲಾಗಿ ಇಳಿಜಾರು ಮಾಡಿ, ನೀರು ಹೊರಹೋಗುವ ಕೊಳವೆಗಳನ್ನು ಅಳವಡಿಸಿ, ಮೇಲಿನಿಂದ ಬರುವ ನೀರನ್ನು ಬೇರೆಡೆಗೆ ತಿರುಗಿಸಲಿ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದಲ್ಲಿ ಶೇಡಿಮಣ್ಣಿನ ಬಲದ ಕುರಿತು ಅಧ್ಯಯನಗಳು ನಡೆದಿವೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಕಾಶೆಗಳಿವೆ, ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿಯೂ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿಯೂ ಈ ಮಣ್ಣನ್ನು ಬಲ್ಲವರಿದ್ದಾರೆ. ಅವರ ಅರಿವು ಅನುಮತಿ ಕೊಡುವ ಮೇಜಿಗೆ ಬರಬೇಕಾಗಿದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಕರಾವಳಿಯ ರೈತರಿಗೆ ಆಮ್ಲತೆಯ ಸಂಖ್ಯೆಯ ಜೊತೆಗೆ ಎಷ್ಟು ಸುಣ್ಣ, ಎಂದು, ಯಾವ ರಂಜಕ ಎಂಬುದನ್ನೂ ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿ ಬರೆದುಕೊಡಲಿ. ಕೃಷಿ ಇಲಾಖೆ ಇದನ್ನು ಮುಂದಿನ ಮುಂಗಾರಿಗೇ ಆರಂಭಿಸಬಹುದು.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ,
ಉಡುಪಿ ಜಿಲ್ಲೆ